ಗುಡ್ಡ ಸುತ್ತಿಸಿದ ವಸ್ತಾದರು

ಅವರ ಎರಡೂ ಕಿವಿಗಳು ಮುರಿದಿದ್ದವು. ರಸ ಹಿಂಡಿ ಬಿಸಾಡಿದ ನಿಂಬೆಹೋಳಿನ ಹಾಗೆ ಮುದುಡಿಕೊಂಡು ತಲೆಯ ಎರಡೂ ಬದಿಗೆ ಅಂಟಿಕೊಂಡಿದ್ದವು. ಎದುರಾಳಿಯ ಕಂಕುಳಲ್ಲಿ ತಲೆ ಸಿಕ್ಕಿ ಸಿಕ್ಕಿ ಪೈಲ್ವಾನರ ಕಿವಿ ಹಾಗಾಗುತ್ತದೆ. ಚಳಿಗಾಲದಲ್ಲಿ ಅವಕ್ಕೆ ಎಣ್ಣೆ ಸವರಿಕೊಂಡು ಬರುತ್ತಿದ್ದರು, ಎಳೆ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿದ್ದವು. ನನ್ನ ಬಾಲ್ಯದ ಬೆಳಗುಗಳನ್ನೆಲ್ಲ ನಾನು ಅವರ ಬೆನ್ನ ಹಿಂದೆ ನಡೆಯುತ್ತ ಕಳೆದವಳು. ಹಾಗಾಗಿ ಮುಖಕ್ಕಿಂತ ಆ ಕಿವಿಗಳೇ ನನಗೆ ಚೆನ್ನಾಗಿ ನೆನಪಿವೆ.

ಊರಿಗೆಲ್ಲ ಅವರು ವಸ್ತಾದರು. ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ಹಾಗೇ ಅನ್ನುವುದು. ಮೂಲ ಸವಣೂರಿನವರು, ಅವರ ಅಜ್ಜ ನವಾಬರ ಕಾಲದ ತಾಲೀಮು ಮನೆಯಲ್ಲಿ ಕುಸ್ತಿಯ ಮಣ್ಣು ಹದ ಮಾಡುತ್ತಿದ್ದವರಂತೆ. ನಮ್ಮೂರು ಹಿರೇಕೆರೂರು ತಾಲೂಕಿನಲ್ಲಿ, ಕುಮುದ್ವತಿಯ ದಂಡೆಯ ಮೇಲೆ. ನಾನು ಹುಟ್ಟಿದಾಗ ಅದಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಊರ ಹುಡುಗರು ಹಾನಗಲ್ಲಿನ ಕುಸ್ತಿಗೆ ಹೋಗಿ ಬರೀ ಬೆನ್ನಿಗೆ ಮಣ್ಣು ಹತ್ತಿಸಿಕೊಂಡು ಬರುತ್ತಿದ್ದುದನ್ನು ನೋಡಲಾರದೆ ಹಿರಿಯರು ಸವಣೂರಿಗೆ ಹೋಗಿ ಇವರನ್ನು ಕರೆತಂದರು. ಬಂದವರು ಗರಡಿ ಮನೆಯ ಪಕ್ಕದ ಎರಡು ಅಂಕಣದ ಮನೆಯಲ್ಲಿ ಹೆಂಡತಿಯೊಂದಿಗೆ ಉಳಿದುಬಿಟ್ಟರು. ಬೆಳಗ್ಗೆ ನಮಾಜು ಮುಗಿಸಿ ಬಂದು, ಗರಡಿಯ ಹನುಮಪ್ಪನ ಪಟಕ್ಕೆ ಊದಿನಕಡ್ಡಿ ಹಚ್ಚಿ, ಮಣ್ಣಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡು ಕೆಲಸ ಶುರು ಮಾಡುತ್ತಿದ್ದರು. ಅದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ.

ಅಪ್ಪ ಅವರ ಮೊದಲ ಶಿಷ್ಯರಲ್ಲಿ ಒಬ್ಬ. ಮದುವೆಯಾಗಿ ಎತ್ತು, ಹೊಲ ಅಂತ ಬಿದ್ದ ಮೇಲೆ ಕುಸ್ತಿ ಬಿಟ್ಟರೂ ವಸ್ತಾದರ ಮೇಲಿನ ಭಕ್ತಿ ಬಿಡಲಿಲ್ಲ. ವಸ್ತಾದರು ಎದುರಿಗೆ ಬಂದರೆ ಅಪ್ಪನ ಕಾಲಿನ ಚಪ್ಪಲಿ ತಾನಾಗಿ ಕಳಚಿಕೊಳ್ಳುತ್ತಿತ್ತು.

ನನಗೆ ಜ್ವರ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ಮೈ ಕೆಂಡವಾಗಿತ್ತಂತೆ, ಬಲಗಾಲು ನೋವೆಂದು ಚೀರುತ್ತಿದ್ದೆನಂತೆ. ಕೈಕಾಲು ನೋವೆಂದರೆ ನಮ್ಮೂರಲ್ಲಿ ಯಾರಿಗೂ ಡಾಕ್ಟರರ ನೆನಪು ಬರುತ್ತಿರಲಿಲ್ಲ. ಉಳುಕಿದರೂ, ಮೂಳೆ ತಪ್ಪಿದರೂ, ಸೊಂಟ ಹಿಡಿದರೂ ವಸ್ತಾದರ ಕೈ ಇತ್ತು. ಆ ಕೈ ಬಿದ್ದ ನೋವು ಎದ್ದದ್ದೇ ಇಲ್ಲ ಎಂದು ಊರೇ ಹೇಳುತ್ತಿತ್ತು. ಅಪ್ಪ ಓಡಿಹೋಗಿ ಕರೆತಂದ. ಅವರು ನನ್ನ ಕಾಲು ಮುಟ್ಟಿ ನೋಡಿ, "ನರ ಹಿಡದೈತಿ. ಬಿಡಸೂಣು" ಅಂದರು. ಎಳ್ಳೆಣ್ಣೆ ಬಿಸಿ ಮಾಡಿಸಿ, ತೊಡೆಯಿಂದ ಹಿಮ್ಮಡಿಯ ತನಕ ತಿಕ್ಕಿದರು. ಕುಸ್ತಿಯಲ್ಲಿ ಹಿಡಿದುಕೊಂಡ ಕಾಲನ್ನು ಹೇಗೆ ಎಳೆದು, ಮಡಚಿ, ಸಡಿಲ ಮಾಡುತ್ತಾರೋ ಹಾಗೆ ಎಳೆದರು, ಮಡಚಿದರು. ಜ್ವರ ಇಳಿಯುವ ತನಕ ಹೊತ್ತುಹೊತ್ತಿಗೆ ಬಂದು ಅದನ್ನೇ ಮಾಡಿದರು. ನಡುನಡುವೆ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿ ನೋಡುತ್ತಿದ್ದರು. ಪೈಲ್ವಾನನನ್ನು ಮಲಗಗೊಡಬಾರದು, ಮಲಗಿದರೆ ಮೈ ಮಲಗಿಬಿಡುತ್ತದೆ ಎಂಬುದು ಗರಡಿಯ ಮಾತು. ಅವರಿಗೆ ಗೊತ್ತಿದ್ದ ವೈದ್ಯವೇ ಅದು, ಮನಸ್ಸಿಟ್ಟು ಮಾಡಿದರು.

ಜ್ವರ ಹೋಯಿತು. ಕಾಲೂ ಹೋಯಿತು. ನಿಲ್ಲಿಸಿದರೆ ಒದ್ದೆ ಬಟ್ಟೆಯ ಹಾಗೆ ಕುಸಿಯುತ್ತಿತ್ತು.

ಗರಡಿಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ವರ್ಷಗಟ್ಟಲೆ ಹದ ಮಾಡಿರುತ್ತಾರೆ. ಆ ಮಣ್ಣಿನಲ್ಲಿ ಹೂತಿಟ್ಟರೆ ಸತ್ತ ಕಾಲೂ ಚಿಗುರುತ್ತದೆ ಎಂಬ ನಂಬಿಕೆ. ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಗರಡಿಯ ಬಾಗಿಲಿಗೆ ಹೋದ. ವಸ್ತಾದರು ಹೊಸ್ತಿಲಿಗೆ ಅಡ್ಡ ನಿಂತರು.

"ಒಳಗ ಬ್ಯಾಡ" ಅಂದರು. "ಗರಡ್ಯಾಗ ಹೆಣ್ಣಮಕ್ಕಳು ಕಾಲು ಇಡಬಾರದು. ಆ ಕಾಯಿದೆ ನಾ ಮಾಡಿದ್ದಲ್ಲ, ನಾ ಮುರಿಯಾಕ."

"ಕೂಸ ಐತ್ರಿ ಇನ್ನ" ಅಂದ ಅಪ್ಪ.

"ಕೂಸಾದ್ರೂ ಹೆಣ್ಣ ಅಲ್ಲೇನೋ."

ಅಪ್ಪ ತಿರುಗಿ ಬಂದ. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲವಂತೆ. ಮರುದಿನ ಬೆಳಗ್ಗೆ ವಸ್ತಾದರು ನಮ್ಮ ಮನೆಯ ಮುಂದೆ ನಿಂತಿದ್ದರು, ತಲೆಯ ಮೇಲೆ ಒಂದು ಬುಟ್ಟಿ ಮಣ್ಣು. ರುಮಾಲು ಬಿಟ್ಟು ಆ ತಲೆಯ ಮೇಲೆ ಬೇರೇನನ್ನೂ ಊರು ಕಂಡಿರಲಿಲ್ಲ. ಹೊಳೆಯ ದಂಡೆಗೆ ಹೋಗಿ ಹೊಂಗೆ ಮರದ ಬುಡದಲ್ಲಿ ಒಂದು ಗುಂಡಿ ತೋಡಿ, ನನ್ನನ್ನು ಅದರ ಅಂಚಿಗೆ ಕೂರಿಸಿ, ಆ ಮಣ್ಣಿನಲ್ಲಿ ಕಾಲನ್ನು ತೊಡೆಯ ತನಕ ಮುಚ್ಚಿದರು. ಹೆಣ್ಣಿನ ಮೈಗೆ ತಾಗಿದ ಮಣ್ಣನ್ನು ಮತ್ತೆ ಗರಡಿಗೆ ಹಾಕುವಂತಿಲ್ಲ. ಅದನ್ನು ಹೊಳೆಗೆ ಬಿಡುತ್ತಿದ್ದರು. ಹದ ಮಾಡಿದ ಮಣ್ಣು ಹೀಗೆ ನೀರುಪಾಲಾಗುತ್ತಿದೆ ಎಂದು ಶಿಷ್ಯರು ಗೊಣಗಿದರು. ವಸ್ತಾದರು ಅವರ ಗೊಣಗಾಟ ಕೇಳಿಸಿಕೊಳ್ಳಲಿಲ್ಲ. ಮುರಿದ ಕಿವಿಯ ಉಪಯೋಗ ಅದೊಂದೇ ಎಂದು ತಾವೇ ನಗುತ್ತಿದ್ದರು.

ಮಣ್ಣಿನಿಂದ ಕಾಲು ಹೊರಗೆ ಬಂದ ಮೇಲೆ ನಡಿಗೆ.

ನಮ್ಮೂರ ಹತ್ತಿರ ಕುಮುದ್ವತಿ ಎರಡು ಗುಡ್ಡಗಳ ನಡುವೆ ಹಾದುಹೋಗುತ್ತಾಳೆ. ಈಚೆಯದು ಸಣ್ಣ ಗುಡ್ಡ, ಒಂಟಿಯಾಗಿ ಕೂತಿದೆ. ಹೊಂಗೆ ಮರದಿಂದ ಹೊರಟು ದಂಡೆಗುಂಟ ಕೆಳಮುಖವಾಗಿ ಹೋಗಬೇಕು. ಒಂದಿಷ್ಟು ದೂರ ಉಸುಕು, ಆಮೇಲೆ ಹುಲ್ಲು, ಆಮೇಲೆ ಬಟ್ಟೆ ಒಗೆಯುವ ಹಾಸುಗಲ್ಲು. ಅಲ್ಲಿ ಎರಡೂ ಗುಡ್ಡಗಳು ಹತ್ತಿರ ಬಂದು, ಹೊಳೆ ಸದ್ದು ಮಾಡಲು ಶುರು ಮಾಡುತ್ತದೆ. ಬೇಸಿಗೆಯಲ್ಲೂ ತಣ್ಣನೆ ಗಾಳಿ. ಅಲ್ಲಿಂದ ಎಡಕ್ಕೆ ಹೊರಳಿ ಗುಡ್ಡದ ಹೆಗಲಿಗೆ ಒಂದು ಸಣ್ಣ ಏರು. ಏರಿ ಇಳಿದರೆ ಗಾಡಿದಾರಿ, ಮೆಣಸಿನಕಾಯಿ ಹೊಲಗಳ ನಡುವೆ ಹಾದು ಮತ್ತೆ ಹೊಂಗೆ ಮರಕ್ಕೇ ಬಂದು ಮುಟ್ಟುತ್ತದೆ. ಊರಿನವರು ಇದಕ್ಕೆ ಗುಡ್ಡದ ಸುತ್ತು ಅನ್ನುತ್ತಿದ್ದರು. ಎಲೆ ಅಡಿಕೆ ಹಾಕಿಕೊಂಡು ಹೊರಟರೆ ಉಗುಳುವಷ್ಟರಲ್ಲಿ ಮುಗಿಯುವ ದಾರಿ. ಕುರಿ ಮೇಯಿಸುವ ಮುದುಕಿಯರು ಮಾತಾಡಿಕೊಂಡು ಸುತ್ತಿಬರುತ್ತಿದ್ದರು. ಬೆಳಗಿನ ಜಾವ ಗರಡಿಯ ಹುಡುಗರು ಅದೇ ದಾರಿಯಲ್ಲಿ ಓಡುತ್ತಿದ್ದರು. ಅವರ ಓಟ ಮುಗಿದ ಮೇಲೆ ನನ್ನ ಸರದಿ. ನಡೆಯುವುದಕ್ಕೆಂದೇ ನಡೆಯುವವರು ನಮ್ಮೂರಲ್ಲಿ ನಾವಿಬ್ಬರೇ.

ಮೊದಮೊದಲು ತೆವಳಿದೆ. ಆಮೇಲೆ ಕೋಲು. ಆಮೇಲೆ ಬಲಗೈಯನ್ನು ಬಲತೊಡೆಗೆ ಒತ್ತಿ ಹಿಡಿದು, ಮಂಡಿ ಕುಸಿಯದಂತೆ ಹಿಂದಕ್ಕೆ ನೂಕುತ್ತ ನಡೆಯುವುದು ಕಲಿತೆ. ಶಾಲೆಗೆ ಹೋಗಲು ಆ ನಡಿಗೆ ಸಾಕಿತ್ತು. ವಸ್ತಾದರಿಗೆ ಸಾಲದು.

"ಕೈ ತಗೀರಿ ಪೈಲ್ವಾನ್ರ" ಅನ್ನುತ್ತಿದ್ದರು ಮುಂದಿನಿಂದ, ತಿರುಗದೆ. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ, ಪೈಲ್ವಾನ್ರ ಎಂದು, ರೀ ಹಚ್ಚಿ. ಊರ ಹುಡುಗರು ಕುಂಟಿ ಅನ್ನುತ್ತಿದ್ದರಾದ್ದರಿಂದ ನನಗೆ ಅದು ಬಹಳ ಹಿತವಾಗುತ್ತಿತ್ತು.

"ತಗದ್ರ ಬೀಳ್ತೇನಿ ಚಾಚಾ."

"ಬೀಳ್ರಿ. ಬೀಳೂದು ನಾಚಿಕಿ ಅಲ್ಲ. ಇನ್ನೊಬ್ಬರು ಎತ್ತಿದ್ರ ಅದು ನಾಚಿಕಿ."

ಬಿದ್ದರೆ ಎತ್ತುತ್ತಿರಲಿಲ್ಲ. ನಿಂತು ಹೊಳೆಯ ಕಡೆ ನೋಡುತ್ತಿದ್ದರು. ನಾನು ಅತ್ತರೆ, ಅಳು ಮುಗಿಯುವ ತನಕ ಕಾಯುತ್ತಿದ್ದರು. "ಕಾಲು ಮರತೈತಿ ಬೇಟಾ, ಮತ್ತೇನೂ ಆಗಿಲ್ಲ. ಮರತಾವಕ್ಕ ನೆನಪು ಮಾಡಿಕೊಡಬೇಕು. ದಿನಾ ಒಂದ ದಾರಿ ತೋರಿಸಿದ್ರ ಎತ್ತ ಸೈತ ನೆನಪು ಹಿಡೀತೈತಿ" ಅನ್ನುತ್ತಿದ್ದರು. ನಾನು ಅದನ್ನು ನಂಬಿದ್ದೆ. ಮಲಗುವಾಗ ಕಾಲಿಗೆ ಗುಡ್ಡದ ಸುತ್ತಿನ ದಾರಿಯನ್ನು ಬಾಯಿಪಾಠ ಹೇಳಿಕೊಡುತ್ತಿದ್ದೆ: ಉಸುಕು, ಹುಲ್ಲು, ಹಾಸುಗಲ್ಲು, ಏರು.

ಸುತ್ತು ಮುಗಿಸಿ ಬಂದಾಗ ಅವ್ವ ಬಾಗಿಲಲ್ಲೇ ನಿಂತಿರುತ್ತಿದ್ದಳು, ಅವರಿಗೆಂದು ಒಂದು ಚೊಂಬು ಮಜ್ಜಿಗೆ ಹಿಡಿದುಕೊಂಡು. ಕಲ್ಲುಪ್ಪು, ಇಂಗು, ಒಂದೆಸಳು ಕರಿಬೇವು. ಅವರು ಕಟ್ಟೆಯ ಮೇಲೆ ಕೂತು, ಚೊಂಬನ್ನು ಮೇಲೆತ್ತಿ ಗಟಗಟ ಕುಡಿದು, "ಇವತ್ತು ಬಾಳ ಚಲೋ ನಡದ್ರಿ ಪೈಲ್ವಾನ್ರು" ಎಂದು ಅವ್ವನಿಗೆ ಸುಳ್ಳು ಹೇಳಿ ಹೋಗುತ್ತಿದ್ದರು.

ಒಂದು ದಿನ ಅದು ನಿಜವಾಯಿತು. ಮಳೆ ನಿಂತು ಹೊಳೆ ಇಳಿದಿದ್ದ ಕಾಲ. ದಂಡೆಯ ಉಸುಕು ಹಸಿಯಾಗಿ, ಗಟ್ಟಿಯಾಗಿ, ನೀರಿನ ಕಡೆಗೆ ಸ್ವಲ್ಪ ಇಳಿಜಾರಾಗಿತ್ತು. "ಕೈ ತಗೀರಿ" ಅಂದರು. ತೆಗೆದೆ. ಮಂಡಿ ಕುಸಿಯಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟೆ, ಕುಸಿಯಲಿಲ್ಲ. ಹಾಗೇ ಉಸುಕು ಮುಗಿಯುವ ತನಕ, ಎರಡೂ ಕೈ ಗಾಳಿಯಲ್ಲಿ ಬಿಟ್ಟುಕೊಂಡು ನಡೆದೆ. ವಸ್ತಾದರು ಆ ದಿನ ತಿರುಗಿ ನೋಡಿದರು. ಅಷ್ಟು ದೊಡ್ಡ ಮನುಷ್ಯ ಹುಲ್ಲಿನ ಮೇಲೆ ಕುಕ್ಕರಿಸಿ ಕೂತು ರುಮಾಲಿನಿಂದ ಮುಖ ಒರೆಸಿಕೊಂಡರು. ಆಮೇಲೆ, ಎತ್ತಬಾರದೆಂಬ ತಮ್ಮದೇ ಕಾಯಿದೆಯನ್ನು ಮರೆತು, ನನ್ನನ್ನು ಎತ್ತಿಕೊಂಡು ಊರೊಳಗೆ ನಡೆದರು. ಅಪ್ಪ ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದ. "ಕಾಲು ಬಂತೋ" ಅಂದರು ವಸ್ತಾದರು. "ನಿನ್ನ ಮಗಳ ಕಾಲು ಬಂತು."

ಅವ್ವ ಅವತ್ತು ಹೋಳಿಗೆ ಮಾಡಿದಳು.

ಮರುದಿನ ಕಾಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಂದ ಕಾಲು ಯಾಕೆ ನಿಲ್ಲುತ್ತಿಲ್ಲ ಎಂದು ತಿಳಿಯಲು, ಏನಾದರೂ ಔಷಧವಿದ್ದರೆ ಕೊಡಿಸಲು, ಅಪ್ಪ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗುವುದೆಂದಾಯಿತು. ವಸ್ತಾದರೂ ಬಂದರು. ಕಾಲಿನ ಕತೆಯೆಲ್ಲ ಅವರಿಗೇ ಗೊತ್ತಿದ್ದುದಲ್ಲವೇ. ಹೊಸ ಜುಬ್ಬ ತೊಟ್ಟು, ಇಸ್ತ್ರಿ ಮಾಡಿದ ರುಮಾಲು ಸುತ್ತಿ, ಮದುವೆಗೆ ಹೊರಟವರ ಹಾಗೆ ಬಂದರು. ಶಿಗ್ಗಾಂವಿಯಲ್ಲಿ ಬಸ್ಸು ನಿಂತಾಗ ನನಗೆ ಚುರುಮುರಿ ಕೊಡಿಸಿದರು.

ಹುಬ್ಬಳ್ಳಿಯ ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಸಣ್ಣ ಸುತ್ತಿಗೆಯಿಂದ ಮಂಡಿಗೆ ಬಡಿದು ನೋಡಿದರು. ತೊಡೆ ಒತ್ತಿ ನೋಡಿದರು. ನಡೆಸಿದರು. ಉಸುಕಿನ ಮಾತು ಕೇಳಿ, "ಇಳಿಜಾರಿನ್ಯಾಗ ಮಂಡಿ ತಾನ ಹಿಂದಕ್ಕ ಲಾಕ್ ಆಗ್ತದ. ಅದು ಕಾಲಿನ ಶಕ್ತಿ ಅಲ್ರಿ, ನೆಲದ ಶಕ್ತಿ" ಅಂದರು. ಆಮೇಲೆ ಕೇಳಿದರು: "ಜ್ವರ ಬಂದಾಗ ಕಾಲಿಗೆ ಏನ ಮಾಡಿದ್ರಿ?"

"ಎಣ್ಣಿ ಹಚ್ಚಿ ತಿಕ್ಕಿಸಿದ್ವಿರಿ" ಅಂದ ಅಪ್ಪ.

"ಜ್ವರ ಇದ್ದಾಗ?"

"ಹೌದ್ರಿ. ಎಳದು, ನಿಲ್ಲಿಸಿ, ಎಲ್ಲಾ ಮಾಡಿದ್ವಿರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ರಿ, ಈ ಪೋಲಿಯೋ ಜ್ವರದಾಗ ಕೂಸು ಮಲಗಿದಲ್ಲೇ ಮಲಗಿರಬೇಕು. ಕಾಲು ಅಲುಗಾಡಸಬಾರದು. ತಿಕ್ಕಿ, ಎಳದು ಮಾಡಿದ್ರ ಇದ್ದ ಶಕ್ತಿನೂ ಹೋಗ್ತದ. ಯಾರ ಹೇಳಿದ್ರು ನಿಮಗ ತಿಕ್ಕಾಕ?"

ಅಪ್ಪ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತ ನಿಂತ.

"ನಾನ ತಿಕ್ಕಿದ್ದೇನ್ರಿ" ಅಂದರು ವಸ್ತಾದರು.

ಡಾಕ್ಟರು ಅವರನ್ನು ನೋಡಿದರು. ಬಯ್ಯುವವರೇನೋ ಅಂದುಕೊಂಡೆ, ಬಯ್ಯಲಿಲ್ಲ.

"ಈಗೇನ ಮಾಡೂದ್ರಿ?" ವಸ್ತಾದರೇ ಕೇಳಿದರು.

"ಇನ್ನ ಮಾಡೂದೇನೂ ಉಳದಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ನಮ್ಮಿಂದ ದೂರ, ಹಿಂದಿನ ಸೀಟಿನಲ್ಲಿ ಕೂತರು. ಬಂಕಾಪುರ ದಾಟುವ ತನಕ ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದರು. ಊರಿಗೆ ಬಂದು ಅಪ್ಪ ಅವ್ವನಿಗೆ ಎಲ್ಲ ಹೇಳಿದ. ಅವ್ವ ಅಳಲಿಲ್ಲ, ಕೂಗಾಡಲಿಲ್ಲ. ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು, ಮನೆಮಂದಿ ತಿಂದು ಮುಗಿಸಲಾರದಷ್ಟು ರೊಟ್ಟಿ ಬಡಿದಳು.

ಇನ್ನು ವಸ್ತಾದರು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಬೆಳಗ್ಗೆ ಬಂದರು. ತಲೆಯ ಮೇಲೆ ಮಣ್ಣಿನ ಬುಟ್ಟಿ ಇರಲಿಲ್ಲ, ಅಷ್ಟೇ. ಅಂಗಳದಲ್ಲಿ ದೂರ ನಿಂತು, "ನಡೀರಿ ಪೈಲ್ವಾನ್ರ" ಅಂದರು. ಅಪ್ಪ ಅವ್ವನ ಮುಖ ನೋಡಿದ. ಅವ್ವ ಹೋಗು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ನಾನು ಹೋದೆ. ತಿರುಗಿ ಬಂದಾಗ ಬಾಗಿಲಲ್ಲಿ ಅವ್ವನೂ ಇರಲಿಲ್ಲ, ಮಜ್ಜಿಗೆಯೂ ಇರಲಿಲ್ಲ. ಅವರು ಕಟ್ಟೆಯ ಹತ್ತಿರ ಒಂದು ಗಳಿಗೆ ನಿಂತು ಹೊರಟುಹೋದರು. ಅವತ್ತಿನಿಂದ ಅವ್ವ ಅವರ ಜೊತೆ ಮಾತು ಬಿಟ್ಟಳು. ಅದು ಸಿಟ್ಟೋ, ಬಾಯಿ ತೆಗೆದರೆ ಏನು ಹೊರಗೆ ಬೀಳುತ್ತದೋ ಎಂಬ ಭಯವೋ, ನನಗೆ ಕೊನೆಯ ತನಕ ಗೊತ್ತಾಗಲಿಲ್ಲ.

ಆಮೇಲೆಯೂ ಐದಾರು ವರ್ಷ ನಾವು ಗುಡ್ಡ ಸುತ್ತಿದೆವು. ಕಾಲು ಮರೆತಿದೆ ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ. ಕೈ ತಗೀರಿ ಎಂದೂ ಅನ್ನಲಿಲ್ಲ. ಸುಮ್ಮನೆ ನಡೆಯುತ್ತಿದ್ದರು, ನಾನು ತೊಡೆಗೆ ಕೈ ಒತ್ತಿಕೊಂಡು ಹಿಂದೆ. ಹಸಿ ಉಸುಕು ಬಂದಾಗ ಮಾತ್ರ ಅವರ ನಡಿಗೆ ನಿಧಾನವಾಗುತ್ತಿತ್ತು. ಅದು ನೆಲದ ಶಕ್ತಿ ಎಂದು ಡಾಕ್ಟರು ಹೇಳಿದ್ದು ಅವರ ಮುಂದೆಯೇ. ಆದರೂ ಅಲ್ಲಿಗೆ ಬಂದಾಗ ಅವರ ಬೆನ್ನು ಬಿಗಿಯಾಗುವುದು ನನಗೆ ಕಾಣುತ್ತಿತ್ತು. ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ದಿನಾ ಅಲ್ಲಿ ಕಾಯುವುದು ಎಂಥ ಶಿಕ್ಷೆ ಎಂದು ಈಗ ಅನಿಸುತ್ತದೆ. ಆಗ ನನಗೆ ಕಾಲು ನೋಯುತ್ತಿತ್ತು, ಬೇಗ ಮುಗಿದರೆ ಸಾಕಾಗಿತ್ತು.

ಈ ನಡುವೆ ಗರಡಿ ಸೊರಗಿತು. ಅವರ ಕೈಯಲ್ಲಿ ಬೆಳೆದ ಒಬ್ಬ ಹುಡುಗ ಹಾನಗಲ್ಲು, ತಿಳವಳ್ಳಿ ಕಡೆಯ ಕಣಗಳಲ್ಲಿ ಹೆಸರು ಮಾಡಿದ್ದ. ಒಂದು ಬೆಳಗ್ಗೆ ಅವನು ಹಾಸುಗಲ್ಲಿನ ಹತ್ತಿರ ನಮಗಾಗಿ ಕಾದು ನಿಂತಿದ್ದ. ನನ್ನ ಮುಂದೆಯೇ ಹೇಳಿದ.

"ವಸ್ತಾದ್ರ, ಸಿಟ್ಟಾಗಬ್ಯಾಡ್ರಿ. ಬೆಳಗಿನ ಹೊತ್ತ ಎಲ್ಲಾ ನೀವು ಈ ಹುಡುಗಿ ಹಿಂದ ಹಾಕ್ತೀರಿ. ನಮ್ಮನ್ನ ನೋಡಾವ್ರು ಯಾರು? ಈಕಿ ಕಾಲು ಬರಂಗಿಲ್ಲ, ಊರಿಗೇ ಗೊತ್ತೈತಿ."

"ನನಗೂ ಗೊತ್ತೈತಿ" ಅಂದರು ವಸ್ತಾದರು.

"ಗೊತ್ತಿದ್ದೂ ಯಾಕ ಸುತ್ತಾಕತ್ತೀರಿ ಮತ್ತ?"

ವಸ್ತಾದರು ಹೊಳೆಯ ಕಡೆ ನೋಡಿದರು. "ನೀ ಕುಸ್ತಿ ಸೋತ್ರ ಕಣ ಬಿಟ್ಟು ಮನಿಗೆ ಹೋಗ್ತಿ. ನಾ ಎಲ್ಲಿಗೆ ಹೋಗಲಿ?"

ಆ ಹುಡುಗ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂಕಾಪುರದ ಬೇರೆ ವಸ್ತಾದರ ಹತ್ತಿರ ಹೋದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಕರಗಿದರು. ಹೊಸ ಹುಡುಗರನ್ನು ತಾಯಂದಿರು ಕಳಿಸಲಿಲ್ಲ. ವಸ್ತಾದರ ಕೈ ಬಗ್ಗೆ ಊರಿನಲ್ಲಿ ಈಗ ಬೇರೆ ಮಾತು ಹುಟ್ಟಿತ್ತು. ಉಳುಕಿದವರು ಹಿರೇಕೆರೂರಿನ ದವಾಖಾನೆಗೆ ಹೋಗತೊಡಗಿದರು. ವಸ್ತಾದರೂ ಈಗ ಯಾರ ಮೈಗೂ ಕೈ ಹಚ್ಚುತ್ತಿರಲಿಲ್ಲ. ಒಮ್ಮೆ ನಮ್ಮ ಓಣಿಯ ಮುದುಕ ಸೊಂಟ ಹಿಡಿದು ಅವರ ಬಾಗಿಲಿಗೇ ಹೋಗಿ ಕೂತು ಬೇಡಿಕೊಂಡಾಗ, "ಮುಟ್ಟಾಕ ಅಂಜಿಕಿ ಬರ್ತೈತ್ರಿ ಅಜ್ಜಾರ" ಎಂದು ಕೈ ಮುಗಿದರಂತೆ.

ನಾನು ಮೈನೆರೆದು ವಾರ ಕಳೆದ ಮೇಲೆ ವಸ್ತಾದರು ಎಂದಿನಂತೆ ಅಂಗಳಕ್ಕೆ ಬಂದರು. ಅವ್ವ ಹೊರಗೆ ಬಂದಳು. ಹುಬ್ಬಳ್ಳಿಯಿಂದ ಬಂದ ಮೇಲೆ ಅವಳು ಅವರ ಜೊತೆ ಆಡಿದ ಮೊದಲ ಮಾತು ಅದು.

"ಇನ್ನ ಸಾಕ್ರಿ ವಸ್ತಾದ್ರ. ಹುಡುಗಿ ದೊಡ್ಡಾಕಿ ಆಗ್ಯಾಳ."

ಅವರು ತಲೆ ತಗ್ಗಿಸಿ ನಿಂತರು. "ಆತ್ರೆವ್ವಾ" ಅಂದರು. ತಿರುಗಿ ನಡೆದರು. ಅವ್ವ ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ಅವರ ಬೆನ್ನು ಓಣಿ ತಿರುಗುವ ತನಕ ನೋಡಿದಳು. ನಾನು ಒಳಗೆ ಕಿಟಕಿಯ ಹತ್ತಿರ ಕೂತಿದ್ದೆ. ನನಗೆ ಆಗ ಬಿಡುಗಡೆ ಸಿಕ್ಕಿದ ಹಾಗೆ ಅನಿಸಬೇಕಿತ್ತು. ಅನಿಸಲಿಲ್ಲ.

ಓದಿದೆ. ಕುಂಟಿಗೆ ಗಂಡು ಸಿಗುವುದಿಲ್ಲ, ಓದಲಿ ಬಿಡು ಎಂದು ಓದಿಸಿದರು. ಕಾಲು ನೆಟ್ಟಗಿದ್ದಿದ್ದರೆ ನಾನೂ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಧಾರವಾಡದಲ್ಲಿ ಟೀಚರ್ ಟ್ರೇನಿಂಗ್ ಮಾಡುವಾಗ ಅಲ್ಲಿನ ಒಬ್ಬ ಡಾಕ್ಟರರಿಗೆ ಕಾಲು ತೋರಿಸಿ, ಎಲ್ಲ ಹೇಳಿ, ತಿಕ್ಕದಿದ್ದರೆ ಈ ಕಾಲು ಉಳಿಯುತ್ತಿತ್ತೇ ಎಂದು ಕೇಳಿದೆ. ಅದನ್ನು ಯಾರೂ ಹೇಳಲಾರರು, ಮುಟ್ಟದೆ ಬಿಟ್ಟ ಎಷ್ಟೋ ಮಕ್ಕಳ ಕಾಲೂ ಹೋಗಿವೆ ಅಂದರು ಅವರು. ರಜೆಗೆ ಊರಿಗೆ ಹೋದಾಗ ಇದನ್ನೇ ದೊಡ್ಡ ಉಡುಗೊರೆಯ ಹಾಗೆ ವಸ್ತಾದರಿಗೆ ಒಯ್ದೆ. ಅವರು ಗರಡಿಯ ಬಾಗಿಲಲ್ಲಿ ಕೂತಿದ್ದರು. ಒಳಗೆ ಮಣ್ಣು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಪೂರ್ತಿ ಕೇಳಿ ತಲೆ ಆಡಿಸಿದರು.

"ಡಾಕ್ಟ್ರು ಒಳ್ಳೇ ಮನಿಷಾ ಇದ್ದಾನ" ಅಂದರು. ಅಷ್ಟೇ.

ತಿಳವಳ್ಳಿಯ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ವಸ್ತಾದರಿಗೆ ಹುಷಾರಿಲ್ಲವೆಂದೂ, ಸವಣೂರಿನಲ್ಲಿರುವ ಮಗಳು ಕರೆದೊಯ್ದಿದ್ದಾಳೆಂದೂ ಅಪ್ಪ ಹೇಳಿದ. ಒಂದು ರವಿವಾರ ಹಾನಗಲ್ಲಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಸವಣೂರಿಗೆ ಹೋದೆ. ವೀಳ್ಯದೆಲೆ ತೋಟಗಳಿಗೆ ಹೋಗುವ ಓಣಿಯಲ್ಲಿ ಸಣ್ಣ ಮನೆ. ಬಾಗಿಲು ತೆರೆದವರು ಅವರ ಹೆಂಡತಿ, ನನ್ನ ಚಾಚಿ. ನನ್ನ ಕೈ ಹಿಡಿದು ಮೊದಲು ಅಡಿಗೆಮನೆಗೆ ಎಳೆದೊಯ್ದರು.

"ದಿನಾ ನಿನ್ನ ಕಾಲಿನ ಮಾತ ಕೇಳ್ತಾರವಾ. ಹೆಂಗೈತಿ, ಏನರ ಸುಧಾರಿಸೇತೇನು ಅಂತಾರ. ಸುಧಾರಿಸೇತಿ ಅಂತ ಹೇಳಿಬಿಡು. ಒಂದ ಮಾತು. ಹೋಗಾವ್ರಿಗೆ ಏನ ತಿಳೀತೈತಿ?"

ಹೂಂ ಅಂದೆ.

ಗೋಡೆಗುಂಟ ಹಾಸಿದ ಚಾಪೆಯ ಮೇಲೆ ಮಲಗಿದ್ದರು. ಅಷ್ಟು ದೊಡ್ಡ ಮೈ ಎಲ್ಲಿ ಹೋಯಿತೋ, ಎಲುಬಿನ ಮೇಲೆ ತೊಗಲು ಹೊದಿಸಿದಂತಿದ್ದರು. ನನ್ನನ್ನು ನೋಡಿ ಏಳಲು ಹೋದರು, ಚಾಚಿ ಬೆನ್ನಿಗೆ ದಿಂಬು ಕೊಟ್ಟರು. ಶಾಲೆಯ ಮಾತು ಕೇಳಿದರು. ಅಪ್ಪನ ಎತ್ತಿನ ಮಾತು ಕೇಳಿದರು. ಅವ್ವ ಹೇಗಿದ್ದಾಳೆ ಎಂದು ಕೇಳಿದರು. ಚಾಚಿ ನನ್ನ ಕಡೆ ನೋಡಿದರು.

"ಚಾಚಾ, ಕಾಲು ಈಗ ಬಾಳ ಸುಧಾರಿಸೇತ್ರಿ" ಅಂದೆ.

ಅವರ ಕಣ್ಣು ನನ್ನ ಮುಖಕ್ಕೆ ಬಂದು, ಅಲ್ಲಿಂದ ಸೀರೆಯ ನೆರಿಗೆಗೆ ಇಳಿಯಿತು.

"ಬಾಯಲೆ ಹೇಳಬ್ಯಾಡ್ರಿ ಪೈಲ್ವಾನ್ರ. ನಡೀರಿ, ನೋಡೂಣು."

ಎದ್ದೆ. ಆ ಕೋಣೆಯ ಬಾಗಿಲಿನಿಂದ ಎದುರು ಗೋಡೆಗೆ ಹೆಚ್ಚೇನೂ ದೂರವಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ತೊಡೆಯ ಮೇಲಿನ ಕೈ ತೆಗೆದೆ. ಸೊಂಟ ಬಿಗಿಹಿಡಿದು, ಮೈಯನ್ನೆಲ್ಲ ಎಡಕ್ಕೆ ವಾಲಿಸಿ, ಬಲಗಾಲನ್ನು ಬೀಸಿ ಮುಂದೆ ಇಟ್ಟೆ. ನಿಂತಿತು. ಉಸಿರು ಕಟ್ಟಿ ಎಡಗಾಲು ತಂದೆ. ಜೀವನದಲ್ಲಿ ಯಾವುದನ್ನೂ ನಾನು ಅಷ್ಟು ಆಸೆಪಟ್ಟು ಕೇಳಿಕೊಂಡಿಲ್ಲ, ಇನ್ನೆರಡು ಹೆಜ್ಜೆ ಕೊಡು ಎಂದು. ಮತ್ತೆ ಬಲಗಾಲು ಇಟ್ಟೆ. ಮಂಡಿ ಮಡಚಿತು. ಬೀಳುವ ಮೊದಲು ಕೈ ತಾನಾಗಿ ಹೋಗಿ ತೊಡೆಯನ್ನು ಹಿಡಿಯಿತು.

ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವಸ್ತಾದರು ನನ್ನ ಕೈಯನ್ನೇ ನೋಡುತ್ತಿದ್ದರು.

"ಕುಂದರ್ರಿ" ಅಂದರು. ಕೂತೆ. "ನಾ ಮುಟ್ಟಬಾರದಿತ್ತು."

ಅಷ್ಟು ವರ್ಷಗಳಲ್ಲಿ ಈ ಮಾತು ಅವರ ಬಾಯಿಂದ ಬಂದದ್ದು ಅದೊಂದೇ ಸಲ. ಚಾಚಿ ಹೇಳಿಕೊಟ್ಟ ಸುಳ್ಳು ಹೋಗಿತ್ತು. ನನ್ನ ಹತ್ತಿರ ಒಂದು ನಿಜವೂ ಇತ್ತು, ಅದನ್ನು ಹೇಳಿದೆ.

"ನೀವು ದಿನಾ ನಡಸಿದ್ದಕ್ಕ ನಾ ನಡೀತೇನಿ ಚಾಚಾ. ಇಲ್ಲಾಂದ್ರ ಮೂಲ್ಯಾಗ ಕುಂತಿರ್ತಿದ್ದೆ. ಸಾಲಿಗೆ ಹೋಗ್ತೇನಿ, ಬಸ್ಸು ಹತ್ತತೇನಿ, ಇಲ್ಲೀ ತನಕ ಒಬ್ಬಾಕೀನ ಬಂದೇನಿ."

ಅವರು ನನ್ನ ಕಾಲಿನ ಮೇಲಿಂದ ಕಣ್ಣು ಎತ್ತಲಿಲ್ಲ.

"ಹಿಂಗ?" ಅಂದರು.

ಆಮೇಲೆ ಗೋಡೆಯ ಕಡೆ ಹೊರಳಿದರು. ಸಂಜೆಯ ಬಸ್ಸಿನ ಹೊತ್ತಿನ ತನಕ ನಾನು ಅಲ್ಲೇ ಕೂತಿದ್ದೆ, ಅವರು ಈ ಕಡೆ ತಿರುಗಲಿಲ್ಲ. ಮಳೆಗಾಲಕ್ಕೆ ಮೊದಲೇ ತೀರಿಕೊಂಡರು.

ಆ ಕಾಲಿನ ಮೇಲೆ ನಿಂತು ನಾನು ನಿವೃತ್ತಿಯಾಗುವ ತನಕ ಪಾಠ ಮಾಡಿದೆ. ತಿಳವಳ್ಳಿಯಲ್ಲಿ, ಆಮೇಲೆ ತಡಸದಲ್ಲಿ. ಕೆಸರಿನಲ್ಲಿ ಹೋದೆ, ಗುಡ್ಡದಾಚೆಯ ಹಳ್ಳಿಗಳಿಗೆ ಮಕ್ಕಳ ಗಣತಿಗೆ ಹೋದೆ. ಬಿದ್ದಾಗೆಲ್ಲ ನಾನೇ ಎದ್ದೆ. ಅವರು ನನಗೆ ಕೊಟ್ಟದ್ದು ಕುಂಟುವ ನಡಿಗೆಯೊಂದೇ. ನನಗೆ ಅದು ಸಾಕಾಗಿತ್ತು. ಸಾಕು ಎಂದು ಅವರನ್ನು ನಂಬಿಸಲು ಮಾತ್ರ ನನ್ನಿಂದ ಆಗಲಿಲ್ಲ.